ನಾಲ್ಕು ಮಂಟಪ, ಒಬ್ಬನೇ ಮದುಮಗ

ಕೆಳಗಿನ ಮನೆಯ ಅನಸೂಯಮ್ಮಗಾರು ನಿನ್ನೆ ಮಧ್ಯಾಹ್ನ ಸ್ಟೀಲ್ ಬಟ್ಟಲಲ್ಲಿ ಗುತ್ತಿ ವಂಕಾಯ ಕಳಿಸಿದ್ದರು. ನಮ್ಮ ಎಣ್ಣೆಗಾಯಿಯ ಹತ್ತಿರದ ಸಂಬಂಧಿ ಅದು. ಪುಟ್ಟ ಬದನೆಕಾಯಿಗಳನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಹುರಿದ ಕಡಲೆಬೀಜ, ಎಳ್ಳು, ಕೊಬ್ಬರಿಯ ಪುಡಿ ತುಂಬಿ ಬೇಯಿಸುತ್ತಾರೆ. ಮುಚ್ಚಳ ತೆಗೆದೆ, ಘಮ ಎಂದಿತು, ನನ್ನ ಕೈ ಅಲ್ಲೇ ನಿಂತಿತು. ಈ ಪಲ್ಯಕ್ಕೆ ಒಮ್ಮೆ ವಿಜಯವಾಡದಲ್ಲಿ ಮದುವೆಯಾಗಿತ್ತು. ಆ ಮದುವೆಯಲ್ಲಿ ನಾನಿದ್ದೆ. ನೀವು ನಗುವುದಾದರೆ ನಗಿ, ನನ್ನ ಅಡ್ಡಿಯಿಲ್ಲ. ಆದರೆ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ನಮ್ಮ ತಂದೆ ಬ್ಯಾಂಕಿನ ವರ್ಗಾವಣೆಯಲ್ಲಿ ಹಾಸನದಿಂದ ವಿಶಾಖಪಟ್ಟಣಕ್ಕೆ ಬಂದು, ಮತ್ತೆ ವಾಪಸಾಗುವುದನ್ನು ಮರೆತವರು. ಹಾಗಾಗಿ ನನ್ನ ಮೊದಲ ಕೆಲಸವೂ ಇಲ್ಲೇ, ದ್ವಾರಕಾನಗರದ ಒಂದು ಮಹಡಿ ಕೋಣೆಯಲ್ಲಿ. ಕಿಟಕಿಯಿಂದ ಕಡಲು ಕಾಣುತ್ತಿರಲಿಲ್ಲ. ಅದರ ಉಪ್ಪುಗಾಳಿ ಮಾತ್ರ ಬಂದು ಕಂಪ್ಯೂಟರುಗಳ ಸ್ಕ್ರೂಗಳಿಗೆಲ್ಲ ತುಕ್ಕು ಹಿಡಿಸಿತ್ತು. ಐದು ಜನ ಕೂತು ಸಿ ಪ್ಲಸ್ ಪ್ಲಸ್‌ನಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೆವು. ನನಗೆ ಕೆಲಸ ಕಲಿಸಿದವರು ಶಕುಂತಲಕ್ಕ. ಹುಬ್ಬಳ್ಳಿಯವರು, ತಾವೇ ಮೆಚ್ಚಿ ತೆಲುಗಿನವರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಇಪ್ಪತ್ತಾರು ವರ್ಷ ಕಳೆದರೂ ಅವರ ಹುಬ್ಬಳ್ಳಿಯ ಮಾತು ಒಂದಕ್ಷರ ಸವೆದಿರಲಿಲ್ಲ, ಕೊನೆಯಲ್ಲಿ ತೆಲುಗರ 'ರೀ' ಆದ ಒಂದು 'ಅಂಡಿ' ಮಾತ್ರ ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಕಂಪ್ಯೂಟರಿಗೂ "ನಡೀರಂಡಿ, ಸಾಕು ನಿಮ್ಮ ಆಟ" ಎನ್ನುತ್ತಿದ್ದರು.

ಆ ಮದುವೆಯ ಕಾರಣಕ್ಕೇ ಅವರ ಅಣ್ಣ ಈರಣ್ಣ ಮಾತು ಬಿಟ್ಟಿದ್ದ. ಇಷ್ಟು ವರ್ಷಗಳಲ್ಲಿ ತಂಗಿಯ ಹೊಸ್ತಿಲು ತುಳಿದಿರಲಿಲ್ಲ, ಫೋನ್ ಎತ್ತಿರಲಿಲ್ಲ. ಈಗ ಶಕುಂತಲಕ್ಕನ ಮಗಳು ಚೈತ್ರಳ ಮದುವೆ ಗೊತ್ತಾಗಿತ್ತು. ಹುಡುಗನ ಮನೆ ಇಬ್ರಾಹಿಂಪಟ್ನಂ, ಮದುವೆ ವಿಜಯವಾಡದ ಒಂದು ದೊಡ್ಡ ಫಂಕ್ಷನ್ ಹಾಲ್‌ನಲ್ಲಿ. ಮದುಮಗಳನ್ನು ಬುಟ್ಟಿಯಲ್ಲಿ ಕೂರಿಸಿ ಸೋದರಮಾವನೇ ಮಂಟಪಕ್ಕೆ ಹೊತ್ತು ತರಬೇಕು, ಅದು ಹುಡುಗನ ಕಡೆಯವರ ಪದ್ಧತಿ. ಶಕುಂತಲಕ್ಕ ಕಾರ್ಡಿನಲ್ಲಿ 'ಎರಡನೇ ಹಾಲ್' ಎಂಬುದರ ಕೆಳಗೆ ಕೆಂಪು ಗೆರೆ ಎಳೆದು ಹುಬ್ಬಳ್ಳಿಗೆ ಕಳಿಸಿದರು. ಎಂಟು ದಿನಕ್ಕೆ ಈರಣ್ಣನಿಂದ ಒಂದೇ ಸಾಲಿನ ಉತ್ತರ ಬಂತು, ಬರುತ್ತೇನೆ ಎಂದು. ಆಮೇಲೆ ಆಫೀಸಿನಲ್ಲಿ ಯಾರು ಏನು ಕೇಳಿದರೂ ಶಕುಂತಲಕ್ಕನ ಉತ್ತರ ಒಂದೇ.

"ಅಕ್ಕ, ಈ ಲೂಪ್ ಯಾಕೆ ನಿಲ್ತಿಲ್ಲ?"

"ನಿಲ್ತೈತಿ ತಡಿ. ನಮ್ಮಣ್ಣ ಬರಾಕ್ಹತ್ತಾನ."

ಇದೇ ಹೊತ್ತಿನಲ್ಲಿ ಅದೇ ಫಂಕ್ಷನ್ ಹಾಲ್‌ನವರು ನಮ್ಮಿಂದ ಒಂದು ಪ್ರೋಗ್ರಾಂ ಬರೆಸುತ್ತಿದ್ದರು. ಒಂದೇ ಆವರಣದಲ್ಲಿ ನಾಲ್ಕು ಹಾಲ್. ಪ್ರತಿ ಬಾಗಿಲ ಮೇಲೂ, ಹೊರಗೆ ಗೇಟಿನ ಮೇಲೂ ದೊಡ್ಡ ಪರದೆಗಳು. ಇಂಥವರು 'ವೆಡ್ಸ್' ಇಂಥವರು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮಿನುಗಬೇಕು, ಊಟದ ಹಾಲ್‌ನ ಪರದೆಯಲ್ಲಿ ಆ ದಿನದ ಅಡುಗೆಯ ಹೆಸರುಗಳು ಬರಬೇಕು. ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಕಷ್ಟದ್ದೇನಲ್ಲ. ಒಂದು ಮದುವೆಗೆ ಒಂದು ದಾಖಲೆ. ಅದರಲ್ಲಿ ಹಾಲ್ ನಂಬರ್, ಮುಹೂರ್ತ, ಜೋಡಿಯ ಹೆಸರು. ನಾನು ಜಾಣನೆಂದುಕೊಂಡು ಹೆಸರುಗಳನ್ನು ದಾಖಲೆಯ ಒಳಗಿಡದೆ, ಕಂಪ್ಯೂಟರಿನ ನೆನಪಿನಲ್ಲಿ ಬೇರೆಲ್ಲೋ ಇಟ್ಟು, ದಾಖಲೆಯಲ್ಲಿ ಆ ಜಾಗದ ವಿಳಾಸವನ್ನಷ್ಟೇ ಬರೆದಿಟ್ಟೆ. ದಾಖಲೆಗಳೆಲ್ಲ ಹೋಗಿ ಕೂರುವುದು ಒಂದು ಪಟ್ಟಿಯಲ್ಲಿ. ಆ ಪಟ್ಟಿ ಒಂದು ಡಬ್ಬಿಯಿದ್ದ ಹಾಗೆ, ಆದರೆ ವಿಚಿತ್ರ ಡಬ್ಬಿ. ನೀವು ಕೊಟ್ಟದ್ದನ್ನು ಇಟ್ಟುಕೊಳ್ಳುವುದಿಲ್ಲ, ಅದರ ನಕಲು ತೆಗೆದು ಇಟ್ಟುಕೊಳ್ಳುತ್ತದೆ. ಹಾಗಾಗಿ ನಿಮ್ಮ ವಸ್ತುವಿನ ನಕಲು ತೆಗೆಯುವುದು ಹೇಗೆ ಎಂದು ನೀವೇ ಬರೆದುಕೊಡಬೇಕು. ಕೊಡದಿದ್ದರೆ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ತನಗೆ ತೋಚಿದಂತೆ ಬರೆದುಕೊಳ್ಳುತ್ತದೆ.

ಮದುವೆಯ ರಜೆ ಹಾಕಿ ಹೊರಡುವ ಮುಂಚೆ ಶಕುಂತಲಕ್ಕ ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡಿದರು.

"ತಮ್ಮಾ, ಕಾಪಿ ಮಾಡೂದು ಹೆಂಗಂತ ಬರದಿ?"

"ಬರೀತೀನಿ ಅಕ್ಕ. ಬರೀದಿದ್ರೂ ಕಂಪೈಲರೇ ಬರ್ಕೊಳ್ಳುತ್ತಂತಲ್ಲ."

"ಬರಕೊಂತೈತಿ. ಅದಕ್ಕ ನಿನ್ನ ಮನಸ್ಸಿನ್ಯಾಗ ಏನೈತಿ ಅಂತ ಹೆಂಗ ಗೊತ್ತಾಗಬೇಕು? ವಿಳಾಸ ಇದ್ರ ವಿಳಾಸನ ಕಾಪಿ ಮಾಡ್ತೈತಿ. ಮನಿ ಒಂದ, ಚೀಟಿ ನಾಕು. ಒಬ್ಬಾಂವ ಮನಿ ಕೆಡವಿದ ಅಂದ್ರ ಉಳಿದ ಮೂರು ಮಂದಿ ಎಲ್ಲಿ ಮಲಗಬೇಕು?"

ನಾನು ತಲೆಯಾಡಿಸಿದೆ, ಬರೆಯಲಿಲ್ಲ. ಪ್ರೋಗ್ರಾಂ ಪರೀಕ್ಷೆ ಮಾಡಿದೆ, ಅದನ್ನು ಮಾಡದಿರುವಷ್ಟು ಬೇಜವಾಬ್ದಾರಿ ನನ್ನಲ್ಲಿರಲಿಲ್ಲ. ಆದರೆ ಮಾಡಿದ್ದು ಒಂದೇ ಮದುವೆಯನ್ನಿಟ್ಟುಕೊಂಡು. ಒಂದು ಮದುವೆ ಎಲ್ಲಾದರೂ ತಪ್ಪುತ್ತದೆಯೇ?

ಮದುವೆಯ ದಿನವೇ ಪರದೆಗಳಿಗೂ ಮೊದಲ ದಿನ. ನಾಲ್ಕು ಹಾಲ್‌ನಲ್ಲಿ ನಾಲ್ಕು ಮದುವೆ, ಎಲ್ಲಕ್ಕೂ ಹತ್ತು ನಲವತ್ತರ ಮುಹೂರ್ತ. ಹಾಲ್ ಇದ್ದದ್ದು ಆಟೋನಗರ್ ಪಕ್ಕದಲ್ಲಿ. ಲಾರಿಗಳ ತಗಡು ಬಡಿಯುವ ಸದ್ದಿಗೂ ಒಳಗಿನ ಡೋಲು ಸನ್ನಾಯಿಗೂ ಪೈಪೋಟಿ ನಡೆದಿತ್ತು. ಎಂಟೂವರೆಗೆ ಶಕುಂತಲಕ್ಕ ರೇಷ್ಮೆ ಸೀರೆಯಲ್ಲಿ ಬಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು. "ನಾ ಪೂಜಿಗೆ ಕೂಡ್ತೀನಿ. ಅಣ್ಣ ಫೋನ್ ಮಾಡಿದ್ರ ಎತ್ತು, ಕರಕೊಂಡು ಬಾ. ಮರೀಬ್ಯಾಡ." ನಾನು ಮತ್ತೆ ತಲೆಯಾಡಿಸಿದೆ.

ಮ್ಯಾನೇಜರ್ ಸುಬ್ಬರಾವುಗಾರು ನಾಲ್ಕೂ ಜೋಡಿಗಳ ಹೆಸರು ಒಂದೊಂದಾಗಿ ಹೊಡೆದರು. ನನ್ನ ಪ್ರೋಗ್ರಾಂ ಮೊದಲ ಮದುವೆಯ ನಕಲು ತೆಗೆದು, ಹಾಲ್ ನಂಬರ್ ತಿದ್ದಿ, ಹೆಸರು ತಿದ್ದುತ್ತ ಹೋಯಿತು. ಹಾಲ್ ನಂಬರ್ ದಾಖಲೆಯ ಒಳಗೇ ಇತ್ತು, ಬೇರೆಬೇರೆಯಾಯಿತು. ಹೆಸರಿನ ಜಾಗ ಮಾತ್ರ ನಾಲ್ವರಿಗೂ ಒಂದೇ. ಕೊನೆಗೆ ಹೊಡೆದದ್ದು ನಾಲ್ಕನೇ ಹಾಲ್‌ನ ಅನಿಲ್ ಮತ್ತು ಮೌನಿಕ. ಪರದೆಗಳು ಹೊತ್ತಿಕೊಂಡವು. ಒಂದನೇ ಹಾಲ್: ಅನಿಲ್ ವೆಡ್ಸ್ ಮೌನಿಕ. ಎರಡು: ಅನಿಲ್ ವೆಡ್ಸ್ ಮೌನಿಕ. ಮೂರು, ನಾಲ್ಕು, ಗೇಟು, ಎಲ್ಲ ಕಡೆಯೂ ಅನಿಲನೇ.

ಅನಿಲನ ಬಂಧುಗಳು ನಾಲ್ಕೂ ಹಾಲ್‌ಗಳಿಗೆ ಹಂಚಿಹೋಗಿ ನೆಮ್ಮದಿಯಾಗಿ ಇಡ್ಲಿ ತಿನ್ನತೊಡಗಿದರು. ಉಳಿದ ಮೂರು ಮದುವೆಗಳ ನೆಂಟರು ಬಾಗಿಲವರೆಗೆ ಬಂದು, ಹೆಸರು ಓದಿ, ಕಾರ್ಡು ತೆಗೆದು ನೋಡಿ, ರಸ್ತೆಗೆ ಹೋಗಿ ನಿಂತರು. ಮೂರನೇ ಹಾಲ್‌ನ ಮದುಮಗ ಕುದುರೆ ಇಳಿದವನು ಬೋರ್ಡು ನೋಡಿ ಮತ್ತೆ ಕುದುರೆ ಹತ್ತಿದ. ನಾಲ್ಕನೇ ಹಾಲ್‌ನ ಹುಡುಗಿಯ ತಂದೆ ಓಡಿ ಬಂದರು, ಅಳಿಯ ಇನ್ನೂ ಮೂರು ಕಡೆ ಮದುವೆಯಾಗುತ್ತಿರುವುದನ್ನು ಯಾರೋ ಅವರಿಗೆ ತೋರಿಸಿದ್ದರು. ಸುಬ್ಬರಾವುಗಾರು ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ, "ಏಂ ಬಾಬು, ನಾಲುಗು ಪೆಳ್ಳಿಳ್ಳಕೀ ಒಕ್ಕಡೇ ಪೆಳ್ಳಿಕೊಡುಕಾ?" ಎಂದರು. ನಾಲ್ಕು ಮದುವೆಗೂ ಒಬ್ಬನೇ ಗಂಡೇ ಎಂದು ಅವರ ಪ್ರಶ್ನೆ.

"ನಾಲ್ಕನೆಯದನ್ನು ಅಳಿಸಿ ಮತ್ತೆ ಹಾಕೋಣ" ಎಂದೆ. ಮನೆ ಕೆಡವುವುದೆಂದರೆ ಇದೇ ಎಂದು ಆಗ ಹೊಳೆಯಲಿಲ್ಲ. ಅಳಿಸಿದ ತಕ್ಷಣ ಆ ಹೆಸರುಗಳ ಜಾಗ ಖಾಲಿ ಎಂದು ಕಂಪ್ಯೂಟರ್ ಬರೆದುಕೊಂಡಿತು. ಅದೇ ಗಳಿಗೆಗೆ ಅಡುಗೆಮನೆಯವರು ಊಟದ ಪಟ್ಟಿ ಕಳಿಸಿದರು. ಖಾಲಿ ಜಾಗಕ್ಕೆ ಅಡುಗೆ ಬಂದು ಕೂತಿತು. ಉಳಿದ ಮೂರು ದಾಖಲೆಗಳ ಕೈಯಲ್ಲಿ ಇನ್ನೂ ಹಳೆಯ ವಿಳಾಸದ ಚೀಟಿ. ಗೇಟಿನ ಪರದೆಯಲ್ಲಿ, ಸುತ್ತ ಹೂಬಳ್ಳಿಯ ಚಿತ್ತಾರದ ನಡುವೆ, ಹೀಗೆ ಮಿನುಗಿತು: ಗುತ್ತಿ ವಂಕಾಯ ವೆಡ್ಸ್ ಪುಳಿಹೋರ.

ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇತ್ತು. ತಂತಿ ಕೀಳಲು ಏಳುವಾಗ ಮೇಜಿನ ಕಾಗದಗಳ ಅಡಿಯಿಂದ ಶಕುಂತಲಕ್ಕನ ಫೋನ್ ಜಾರಿತು. 'ಅಣ್ಣ' ಎಂಬ ಹೆಸರಿನಲ್ಲಿ ಮೂರು ಮಿಸ್ಡ್ ಕಾಲ್. ಸನ್ನಾಯಿಯ ಅಬ್ಬರದಲ್ಲಿ ನನಗೆ ಕೇಳಿಸಿರಲಿಲ್ಲ. ಎರಡನೇ ಹಾಲ್‌ನೊಳಗೆ ಖಾಲಿ ಬುಟ್ಟಿಯ ಪಕ್ಕ ಚೈತ್ರ ನಿಂತಿದ್ದಳು. ಶಕುಂತಲಕ್ಕನ ಕಣ್ಣು ಬಾಗಿಲ ಕಡೆಗೇ ಇತ್ತು.

ಗೇಟಿಗೆ ಓಡುತ್ತಲೇ ಆ ನಂಬರಿಗೆ ಫೋನ್ ಹಚ್ಚಿದೆ. ರಸ್ತೆಯಾಚೆ ನಿಂತ ಆಟೋದ ಒಳಗಿಂದ ರಿಂಗಣ ಕೇಳಿತು. ಅದರಲ್ಲೊಬ್ಬ ಹಿರಿಯರು, ಬಿಳಿ ಟೋಪಿ, ಧೋತರ, ತೊಡೆಯ ಮೇಲೊಂದು ಚೀಲ. ಚಾಲಕ, "ಸ್ಟೇಷನ್‌ಕಿ ವೆಳ್ದಾಮಾ, ವದ್ದಾ ಅಂಡಿ?" ಎಂದು, ಸ್ಟೇಷನ್ನಿಗೆ ಹೋಗೋಣವೋ ಬೇಡವೋ ಎಂದು, ಎರಡನೇ ಸಲ ಕೇಳುತ್ತಿದ್ದ. ಹಿರಿಯರು ಫೋನನ್ನೂ ಅವನನ್ನೂ ಬಿಟ್ಟು ನನ್ನ ತಲೆಯ ಮೇಲಿನ ಪರದೆಯನ್ನೇ ನೋಡುತ್ತ ಕೂತಿದ್ದರು.

"ಈರಣ್ಣನವರಾ? ಶಕುಂತಲಕ್ಕ ಕಾಯ್ತಿದ್ದಾರೆ" ಎಂದೆ, ಏದುಸಿರು ಬಿಡುತ್ತ.

"ತಮ್ಮಾ, ವಂಕಾಯಿ ಅಂದ್ರ ಬದನಿಕಾಯಿ ಹೌದಲ್ಲ?"

"ಹೌದು."

"ಪುಳಿಹೋರ?"

"ಪುಳಿಯೋಗರೆ. ಹುಳಿಯನ್ನ."

ಅವರು ಒಂದು ಕ್ಷಣ ಯೋಚಿಸಿದರು. "ಜೋಡಿ ಚಲೋ ಐತಿ" ಎಂದರು. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಕ್ಕರು, ಟೋಪಿ ತೆಗೆದು ಕಣ್ಣೊರೆಸಿಕೊಂಡರು. "ಎರಡನೇ ಹಾಲ್ ಅಂತ ಬರದಾಳ. ಬಂದು ನೋಡಿದ್ರ ಬ್ಯಾರೆ ಮಂದಿ ಹೆಸರು. ಫೋನ್ ಮಾಡಿದ್ರ ಎತ್ತವಲ್ಲಳು. ನಾ ಇಪ್ಪತ್ತಾರು ವರ್ಷ ಆಕಿ ಫೋನ್ ಎತ್ತಿರಲಿಲ್ಲ. ಇದು ಆಕಿ ಕೊಟ್ಟ ಉತ್ತರ ಅಂತ ತಿಳದು ಆಟೋ ಹತ್ತಿದೆ. ಈಗ ನೋಡಿದ್ರ, ತಲಿ ಕೆಟ್ಟಿದ್ದು ಈ ಬೋರ್ಡಿಗೆ!" ಚೀಲವನ್ನು ನನ್ನ ಕೈಗೆ ಕೊಟ್ಟು ಇಳಿದರು. ಚೀಲದಲ್ಲಿ ಶೇಂಗಾ ಹೋಳಿಗೆಯ ವಾಸನೆ ಇತ್ತು.

ಅಣ್ಣನನ್ನು ಕಂಡ ಶಕುಂತಲಕ್ಕ ಅಳಲಿಲ್ಲ, ಓಡಿ ಬರಲಿಲ್ಲ. ಸೆರಗು ಸರಿಮಾಡಿಕೊಂಡು, "ಚಹಾ ಆತೇನು?" ಎಂದರು. "ಆತು" ಎಂದರು ಈರಣ್ಣ. ಅಷ್ಟೇ. ಹತ್ತು ನಲವತ್ತಕ್ಕೆ ಸರಿಯಾಗಿ ಬುಟ್ಟಿ ಹೊತ್ತು ಮಂಟಪಕ್ಕೆ ನಡೆದರು, ನಡುದಾರಿಯಲ್ಲಿ "ಏ ಶಕ್ಕೂ, ಏನ್ ತಿನಿಸಿ ಬೆಳೆಸಿದಿ ಇಕಿನ್ನ?" ಎಂದು ಕೂಗಿದರು. ಅಷ್ಟರಲ್ಲಿ ಸುಬ್ಬರಾವುಗಾರು ಪರದೆಗಳ ತಂತಿ ಕಿತ್ತು, ನೀರಿನ ಬಾಟಲಿ ಬಂದ ರಟ್ಟಿನ ಪೆಟ್ಟಿಗೆಗಳನ್ನು ಹರಿದು, ನಾಲ್ಕು ಜೋಡಿಗಳ ಹೆಸರನ್ನು ಕೈಯಲ್ಲೇ ಬರೆಸಿ ಬಾಗಿಲುಗಳಿಗೆ ಕಟ್ಟಿಸಿದ್ದರು.

ನಾನು ಆಗ ಎಲ್ಲಿದ್ದೆ ಎಂಬುದನ್ನೂ ಹೇಳಬೇಕು. ಕಂಬದ ಹಿಂದೆ ನಿಂತು ಶಕುಂತಲಕ್ಕನ ಫೋನಿನಿಂದ ಆ ಮೂರು ಕರೆಗಳನ್ನು ಅಳಿಸುತ್ತಿದ್ದೆ, ನಾನು ಹಚ್ಚಿದ ಕರೆಯನ್ನೂ ಸೇರಿಸಿ. ಊಟಕ್ಕೆ ಮುಂಚೆ ಅವರು ಫೋನ್ ವಾಪಸ್ ತೆಗೆದುಕೊಂಡು, "ಅಣ್ಣ ಫೋನ್ ಮಾಡಿದ್ನೇನು?" ಎಂದು ಕೇಳಿದರು.

"ಇಲ್ಲ ಅಕ್ಕ" ಎಂದೆ.

ವಾರ ಬಿಟ್ಟು ವಿಶಾಖಪಟ್ಟಣಕ್ಕೆ ಬಂದ ಅವರು ನನ್ನ ಮೇಜಿನ ಮೇಲೆ ಲಡ್ಡು ಇಟ್ಟು, ಕುರ್ಚಿ ಎಳೆದುಕೊಂಡು ಕೂತರು. ನಕಲು ತೆಗೆಯುವಾಗ ಹೆಸರಿಗೆ ಹೊಸ ಜಾಗ ಹುಡುಕಿ, ಅಕ್ಷರ ಅಕ್ಷರವಾಗಿ ಬರೆದುಕೊಳ್ಳುವಂತೆ ಹೇಳುವ ಸಾಲುಗಳನ್ನು ನನ್ನ ಕೈಯಿಂದಲೇ ಬರೆಸಿದರು. ನಾಲ್ಕು ಮದುವೆ ಹಾಕಿಸಿ, ಒಂದನ್ನು ಅಳಿಸಿಸಿ, ಉಳಿದ ಮೂರು ನೆಟ್ಟಗಿವೆಯೇ ಎಂದು ನೋಡಿಸಿದರು. ನೆಟ್ಟಗಿದ್ದವು. ಬೈಯಲಿಲ್ಲ. ನನ್ನ ಆ ಸುಳ್ಳು ಮಾತ್ರ ಹಾಗೇ ಉಳಿಯಿತು. ಎಷ್ಟೋ ಸಲ ಹೇಳಲು ಬಾಯಿ ತೆರೆದು ಬೇರೇನೋ ಕೇಳಿದ್ದೇನೆ.

ನಿನ್ನೆ ಆ ಬಟ್ಟಲು ಮುಂದಿಟ್ಟುಕೊಂಡು ಶಕುಂತಲಕ್ಕನಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಈಗ ಇಬ್ರಾಹಿಂಪಟ್ನಂನಲ್ಲಿ ಮಗಳ ಜೊತೆ ಇದ್ದಾರೆ. ಕುಶಲ ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟೆ, ಮೂರು ಕರೆ, ಆಟೋ, ಸ್ಟೇಷನ್, ಕಂಬದ ಹಿಂದೆ ನಾನು ಅಳಿಸಿದ್ದು. ಆ ಕಡೆಯಿಂದ ನಗು ಬಂತು.

"ತಮ್ಮಾ, ನೀ ಅಳಿಸಿದ್ದು ನನ್ನ ಫೋನ್ಯಾಗಿಂದ. ಅಣ್ಣನ ಫೋನ್ಯಾಗ ಹಂಗ ಉಳದಿತ್ತಲ್ಲೋ. ಅವತ್ತ ಊಟದ ಪಂಕ್ತಿಯೊಳಗ ತೋರಿಸಿದ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಅಕ್ಕ?"

"ನೀನ ಹೇಳ್ತಿ ಅಂತ ಬಿಟ್ಟಿದ್ದೆ. ಇಷ್ಟು ತಡಾ ಮಾಡ್ತಿ ಅಂತ ಗೊತ್ತಿರಲಿಲ್ಲ." ಮತ್ತೆ, "ಆ ದಿನ ಇಡೀ ಹಾಲ್‌ನ್ಯಾಗ ಸರಿಯಾಗಿ ಆಗಿದ್ದ ಕಾಪಿ ಅಂದ್ರ ಅಣ್ಣನ ಫೋನ್ಯಾಗಿನ ಅದೊಂದ ನೋಡಪಾ" ಎಂದರು.

ಫೋನ್ ಇಟ್ಟು ತಟ್ಟೆ ತಂದೆ. ಮನೆಯಲ್ಲಿ ಪುಳಿಹೋರ ಇರಲಿಲ್ಲ, ಬಿಳಿ ಅನ್ನವನ್ನೇ ಬಡಿಸಿಕೊಂಡೆ. ಬದನೆಕಾಯಿ ತಕರಾರು ಮಾಡಲಿಲ್ಲ.