ಗಾಜಿನ ತೊಟ್ಟಿಗೆ ಬಿದ್ದ ಪೂಜೆಯ ಹಾಲು

ಕೊಟ್ಟೂರಿನ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೀನಿನ ಮಾತೆತ್ತಿದರೂ ಸಾಕು, ಅತ್ತೆ ತಟ್ಟೆ ಸರಿಸಿ ಎದ್ದುಬಿಡುತ್ತಾರೆ. ಅಂಥ ಮನೆಗೆ ನಾನು ಮೀನು ತಂದೆ. ಒಂದೇ ಸಲಕ್ಕೆ ತರುವಷ್ಟು ದಡ್ಡಿಯಲ್ಲ ನಾನು. ಮೊದಲು ಗಾಜಿನ ತೊಟ್ಟಿ ಬಂತು, ಆಮೇಲೆ ಮಣ್ಣು, ಮರಳು, ಆಮೇಲೆ ಹುಲ್ಲು. ನನ್ನ ತವರು ಮಾಗಳ. ಅಲ್ಲಿ ಹೊಳೆಯ ದಂಡೆಯ ನೀರೊಳಗೆ ರಿಬ್ಬನ್ನಿನಂತೆ ಉದ್ದುದ್ದ ಬೆಳೆಯುವ ಹುಲ್ಲನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದೆ.

"ಇದೇನವ್ವಾ, ನೀರಾಗ ಹೊಲ ಮಾಡಾಕ ಹತ್ತೀಯೇನು?" ಎಂದರು ಅತ್ತೆ.

"ಬರೀ ಗಿಡರಿ ಅತ್ತಿ. ಕಣ್ಣಿಗೆ ತಂಪು."

"ಮೀನು ಗೀನು ಬಂದಾವು ಮತ್ತ. ದೇವರ ಜಗಲಿ ಮ್ಯಾಲೆ ಲಿಂಗ ಐತಿ."

"ಎಲ್ಲಿಂದ ಬರ್ತಾವರಿ?"

ಹರಪನಹಳ್ಳಿಯಿಂದ ಬಂದವು. ತಮ್ಮ ಅಂಗಡಿಗೆ ಸಾಮಾನು ತರಲು ಹೋಗಿದ್ದ ನಮ್ಮವರು ಗಪ್ಪಿ ಎಂಬ ಪುಟ್ಟ ಮೀನುಗಳ ಪ್ಲಾಸ್ಟಿಕ್ ಚೀಲವನ್ನು ಕಾಯಿಪಲ್ಲೆಯ ಚೀಲದೊಳಗಿಟ್ಟು, ಮೇಲೆ ಮೆಂತ್ಯ ಸೊಪ್ಪು ಹೊದಿಸಿ ತಂದರು. ಸೊಪ್ಪು ಬಿಡಿಸುತ್ತೇನೆಂದು ಅತ್ತೆ ಚೀಲಕ್ಕೆ ಕೈ ಹಾಕಿದಾಗ ಗಂಡಹೆಂಡಿರಿಬ್ಬರೂ ಒಟ್ಟಿಗೇ ಹಾರಿ ಹಿಡಿದೆವು. ಸೊಸೆ ಸೊಪ್ಪಿಗೂ ಜಗಳಕ್ಕೆ ಬರುತ್ತಾಳೆಂದು ಅವರು ಗೊಣಗಿಕೊಂಡು ಹೋದರು.

ಮೀನುಗಳು ಹುಲ್ಲಿನ ಹಿಂದೆ ಸೇರಿಕೊಂಡವು. ಅತ್ತೆ ಕನ್ನಡಕ ಹಾಕುವುದು ಸಂಜೆಯ ಧಾರಾವಾಹಿಗೆ ಮಾತ್ರ. ಆ ಹೊತ್ತಿಗೆ ಸರಿಯಾಗಿ ನಾನು ತೊಟ್ಟಿಯ ದೀಪ ಆರಿಸುತ್ತಿದ್ದೆ. "ಗಿಡಕ್ಕೂ ನಿದ್ದಿ ಬೇಕಲ್ರಿ" ಅಂದರೆ "ಹೌದು, ಪಾಪ" ಅನ್ನುತ್ತಿದ್ದರು. ಕದ್ದು ಸಾಕುವುದರಲ್ಲಿ ಎಂಥ ರುಚಿಯಿತ್ತೆಂದರೆ, ಕೂಡ್ಲಿಗಿಯ ನನ್ನ ಕಚೇರಿಯಲ್ಲಿ ಕೂತಾಗಲೂ ನೆನೆಸಿಕೊಂಡು ನಗುತ್ತಿದ್ದೆ.

ಅಷ್ಟರಲ್ಲಿ ನೀರು ಮಬ್ಬಾಗತೊಡಗಿತು. ಕೊಳೆತ ಎಲೆ ಕತ್ತರಿಸಿದೆ, ಗಾಜು ಒರೆಸಿದೆ, ನೀರು ಸೋಸುವ ಮೋಟಾರಿನ ಸ್ಪಂಜು ಹಿಂಡಿದೆ, ಅರ್ಧದಷ್ಟು ನೀರು ಬದಲಿಸಿದೆ. ಮರುದಿನ ಮತ್ತೆ ಅದೇ ಮಬ್ಬು. ಒಂದು ಮೀನು ಸತ್ತು ತೇಲಿತು. ಮಹಡಿಯ ಮೇಲಿನ ದಾಸವಾಳದ ಕುಂಡದಲ್ಲಿ ಅದನ್ನು ಹೂತು ಬಂದೆ.

ರಜೆಯ ದಿನ ಬೆಳಿಗ್ಗೆ ಮಬ್ಬಿನ ಗುಟ್ಟು ಬಯಲಾಯಿತು. ಅತ್ತೆ ಪೂಜೆ ಮುಗಿಸಿ ತಂಬಿಗೆ ಹಿಡಿದು ಬಂದರು. ಅದರಲ್ಲಿ ಲಿಂಗಕ್ಕೆ ಎರೆದ ಹಾಲು, ನೀರು, ಕರಗಿದ ವಿಭೂತಿ. ನಮ್ಮಲ್ಲಿ ಅದನ್ನು ತುಳಿದಾಡುವ ಕಡೆ ಚೆಲ್ಲುವಂತಿಲ್ಲ, ಗಿಡಕ್ಕೇ ಹಾಕಬೇಕು. ಇಷ್ಟು ವರ್ಷ ಮಹಡಿ ಹತ್ತಿ ಹಾಕುತ್ತಿದ್ದರು. ಈಗ ಮಂಡಿನೋವು, ಗಿಡಗಳೇ ಪಡಸಾಲೆಗೆ ಬಂದಿವೆ. ತೊಟ್ಟಿಯ ಮುಚ್ಚಳ ಸರಿಸಿ ಭಕ್ತಿಯಿಂದ ಸುರಿದರು.

"ಅತ್ತೀ! ಹಾಲು ಆ ಗಿಡಕ್ಕ ಆಗಿಬರಂಗಿಲ್ಲರಿ!"

"ದೇವರ ಹಾಲು ಆಗಿಬರ್ತತಿ. ನೋಡು, ಹೆಂಗ ಹಸರಾಗೈತಿ."

ಹಸಿರಾಗಿದ್ದು ಪಾಚಿ. ನಿಜ ಹೇಳಿದರೆ ಮೀನುಗಳು ಮನೆಯಿಂದ ಹೊರಗೆ, ಹೇಳದಿದ್ದರೆ ಲೋಕದಿಂದಲೇ ಹೊರಗೆ. ನಾನು ಹೇಳಲಿಲ್ಲ, ಉಪಾಯ ಹೂಡಿದೆ. ಮುಚ್ಚಳದ ಮೇಲೆ ಹೂದಾನಿ ಇಟ್ಟೆ. ಅತ್ತೆ ಅದನ್ನು ಎತ್ತಿಟ್ಟು ಸುರಿದರು. ದಾಸವಾಳದ ಕುಂಡವನ್ನೇ ಕೆಳಗೆ ಹೊತ್ತು ತಂದು ಪಕ್ಕದಲ್ಲಿಟ್ಟೆ. ಎರಡಕ್ಕೂ ಸಮಪಾಲು ಮಾಡಿದರು.

ಮರುದಿನ ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು, ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಅತ್ತೆ ತಂಬಿಗೆಯೊಂದಿಗೆ ಬಂದೇಬಿಟ್ಟರು. ನಾನು ಅವರ ಕೈ ಹಿಡಿದೆ.

"ಸುರಿಬ್ಯಾಡ್ರಿ ಅತ್ತಿ. ಇದರಾಗ ಮೀನು ಅದಾವು."

ಅವರು ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರು. ಬಗ್ಗಿ ಬಹಳ ಹೊತ್ತು ನೋಡಿದರು.

"ಯಾಕ ಹಿಂಗ ಮಾಡ್ತಾವು?"

"ಹಾಲಿಗೆ ನೀರು ಕೆಟ್ಟೈತಿರಿ. ಉಸಿರು ಸಿಗವಲ್ದು."

"ನಾ ಹಾಕಿದ ಹಾಲಿಗಾ?"

ಹೌದೆಂದು ತಲೆಯಾಡಿಸಿದೆ. ಈಗ ಬೈಗುಳ, ಆಮೇಲೆ ಮೀನುಗಳ ಗಡೀಪಾರು ಎಂದುಕೊಂಡೆ. ಅತ್ತೆ ಮಾತ್ರ ತಂಬಿಗೆಯನ್ನು ನೆಲಕ್ಕಿಟ್ಟು ನನ್ನತ್ತ ತಿರುಗಿದರು.

"ಮೀನು ತಂದಿದ್ದು ಇರ್ಲಿ. ದೇವರ ಹಾಲು ಹಾಕಿಸಿ ನನ್ನ ಕೈಲಿ ಜೀವ ತಗಸಿದೆಲ್ಲೇ. ನೋಡ್ಕೋಂತ ನಿಂತಿದ್ದೆಲ್ಲ ನೀನು!"

ನನ್ನ ಜಾಣತನವೆಲ್ಲ ಅಲ್ಲೇ ಇಳಿದುಹೋಯಿತು. ನಾಚಿಕೆಯಿಂದ ಅಳು ಬಂತು. ಅತ್ತೆಗೆ ಅದನ್ನು ನೋಡುವ ಪುರಸೊತ್ತಿರಲಿಲ್ಲ.

"ಅಳಬ್ಯಾಡ, ನೀರು ತಗಿ ಮದ್ಲ."

ಪೈಪು ಹಾಕಿ ಮಬ್ಬು ನೀರು ತೆಗೆದೆ. ತುಂಬಲು ಏನಿದೆ? ಬೋರಿನದು ಉಪ್ಪುಪ್ಪು ಸವುಳು ನೀರು, ಮೀನಿಗೆ ಆಗದು. ಹೊಳೆ ನೀರಿನ ನಳ ಬಂದು ದಿನಗಳಾಗಿ ಡ್ರಮ್ಮು ಬರಿದಾಗಿತ್ತು. ಮನೆಯಲ್ಲಿ ಉಳಿದಿದ್ದ ಸಿಹಿನೀರೆಂದರೆ ಅತ್ತೆ ಮಡಿಯಲ್ಲಿ ತುಂಬಿ ಪೂಜೆಗೆಂದೇ ಜಗಲಿಯ ಬಳಿ ಇಡುವ ಒಂದು ಕೊಡ. ಮದುವೆಯಾಗಿ ಬಂದಾಗಿನಿಂದ ಅದಕ್ಕೆ ನನ್ನ ಬೆರಳು ಸೋಕಿಲ್ಲ. ಅತ್ತೆ ಕುಂಟುತ್ತ ಹೋಗಿ ಆ ಕೊಡವನ್ನೇ ಸೊಂಟದ ಮೇಲಿಟ್ಟುಕೊಂಡು ಬಂದರು. ಹುಲ್ಲಿನ ಬೇರು ಕಿತ್ತುಬರದಂತೆ ಸಣ್ಣಗೆ ಧಾರೆ ಬಿಟ್ಟರು.

"ಅತ್ತೀ, ನಾಳಿ ಪೂಜಿಗೆ ನೀರು?"

"ಬೋರಿನ ನೀರಾಗ ಮಾಡ್ತೀನಿ ಬಿಡು," ಎಂದರು ಕೊಡ ಇನ್ನಷ್ಟು ಬಗ್ಗಿಸುತ್ತ. "ದೇವರೇನು ಉಸಿರು ಕಟ್ಟಿ ಸಾಯಂಗಿಲ್ಲ."