ದೀಪದ ಮಲ್ಲಿಯ ಬೆನ್ನು

ನಮ್ಮ ಮನೆಯ ದೇವರ ಗೂಡಿನಲ್ಲಿ ದೀಪದ ಕೆಳಗೆ ಒಂದು ಸ್ಟೀಲ್ ತಟ್ಟೆ ಇರುತ್ತಿತ್ತು. ಎಣ್ಣೆದೀಪ ಹಚ್ಚುವ ಮನೆಯಲ್ಲಿ ಇದೇನು ದೊಡ್ಡ ಸಂಗತಿ ಎಂದು ನೀವು ಕೇಳಬಹುದು. ಆದರೆ ಆ ತಟ್ಟೆಗೆ ದಿನವೂ ತೊಟ್ಟಿಕ್ಕುತ್ತಿದ್ದ ಎಣ್ಣೆಯ ಜಿಡ್ಡು ನನ್ನ ಹೆಂಡತಿ ಗಿರಿಜಳ ಹೆಸರಿಗೆ ಮೆತ್ತಿಕೊಂಡಿತ್ತು, ಮೆತ್ತಿದವನು ನಾನು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಉತ್ಸಾಹದಿಂದಲೇ ಹೇಳಬಲ್ಲೆ, ಏಕೆಂದರೆ ಹೋದ ಭಾನುವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ದೀಪವೆಂದರೆ ದೀಪದ ಮಲ್ಲಿ. ಗೇಣಿಗಿಂತ ತುಸು ಎತ್ತರದ ಕಂಚಿನ ಹೆಣ್ಣು. ಎರಡೂ ಕೈಗಳಿಂದ ಒಂದು ಹಣತೆಯನ್ನು ಹೊಟ್ಟೆಯ ಮುಂದೆ ಹಿಡಿದು ನಿಂತಿದ್ದಾಳೆ. ಜಡೆ ಸೊಂಟದ ಕೆಳಗಿನವರೆಗೆ ಇಳಿದಿದೆ, ಸೀರೆಯ ನೆರಿಗೆ ಹರಿವ ನೀರಿನ ಹಾಗೆ ಪಾದದ ಮೇಲೆ ಬಿದ್ದಿದೆ, ಮೂಗು ಮಾತ್ರ ಕುಂಸಿಯಲ್ಲಿರುವ ಗಿರಿಜಳ ತವರುಮನೆಯ ಹೆಂಗಸರು ತಲೆಮಾರುಗಳಿಂದ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಎಳೆಮಗುವಿನ ಮೂಗಿನಂತೆ ಮೊಂಡಾಗಿದೆ. ಮದುವೆಯಾದಾಗ ಗಿರಿಜಳ ತಾಯಿ ಮಲ್ಲಿಯನ್ನು ಮಗಳ ಜೊತೆ ಭದ್ರಾವತಿಗೆ, ನಮ್ಮ ಕ್ವಾರ್ಟರ್ಸಿಗೆ ಕಳಿಸಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದವನು. ಯಂತ್ರವಾಗಲಿ ಕಂಬವಾಗಲಿ, ಸೆಟೆದು ನಿಂತಿಲ್ಲದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೇರ ಮಾಡಿಯೇ ಕೂರುತ್ತಿದ್ದೆ. ಅಂಥವನ ಮನೆಗೆ ಬಂದ ಮಲ್ಲಿ ಹಿಂದಕ್ಕೆ ಚೂರು ವಾಲಿದ್ದಳು.

ಗಿರಿಜ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಮಲ್ಲಿಯ ನೆತ್ತಿಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟೆ. ವಾಲಿದ್ದು ನಿಜ. ಎರಕದವನು ಪೀಠವನ್ನು ಸರಿಯಾಗಿ ತಟ್ಟಿಲ್ಲ ಎಂದು ತೀರ್ಮಾನಿಸಿ, ಪೀಠದ ಅಡಿಯಲ್ಲಿ ಮುಂಭಾಗಕ್ಕೆ ಅರ ಹಾಕಿ ಉಜ್ಜಿದೆ. ಮಲ್ಲಿ ಪೆರೇಡಿಗೆ ನಿಂತ ಪೊಲೀಸನ ಹಾಗೆ ಸೆಟೆದು ನಿಂತಳು. ಗಿರಿಜ ಬಂದವಳು ತಾನಾಗಿ ಗುರುತಿಸಿ ಮೆಚ್ಚಲಿ ಎಂದು ಸುಮ್ಮನಿದ್ದೆ. ಅವಳು ಗುರುತಿಸಿದ್ದು ಬೇರೆಯದನ್ನು. ಹಣತೆಯ ಮೂತಿಯಿಂದ ಎಣ್ಣೆ ಇಳಿಯುತ್ತಿತ್ತು.

ನನಗೆ ಆಗ ಅನುಮಾನವೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನುಮಾನ ಬಂದು ಬಾಗಿಲಲ್ಲಿ ನಿಂತಿತ್ತು, ನಾನು ಒಳಗೆ ಕರೆಯಲಿಲ್ಲ. "ನೀನೇ ಜಾಸ್ತಿ ಹಾಕ್ತೀಯ" ಎಂದುಬಿಟ್ಟೆ. ಒಮ್ಮೆ ಹೇಳಿದ ಮೇಲೆ ಅದೇ ನಮ್ಮ ಸಂಸಾರದ ಹಾಸ್ಯವೂ ಆಯಿತು. ಮದುವೆ ಮನೆಗಳಲ್ಲಿ ಹೆಂಗಸರು ದೀಪ ಹಚ್ಚಲು ಸೇರಿದರೆ ಸಾಕು, "ಗಿರಿಜನ ಕೈಗೆ ಎಣ್ಣೆ ಕೊಡಬೇಡಿ ಮಾರಾಯ್ರೆ, ದೇವರಿಗೇ ಸ್ನಾನ ಆಗುತ್ತೆ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಆಮೇಲೆ ಎಣ್ಣೆಯನ್ನು ಅರ್ಧಕ್ಕೇ ಹಾಕತೊಡಗಿದಳು. ದೀಪ ಅರ್ಧಕ್ಕೇ ಆರತೊಡಗಿತು. ನಿವೃತ್ತಿಯಾಗಿ ಶಿವಮೊಗ್ಗದ ಸವಳಂಗ ರಸ್ತೆಯ ಕಡೆ ಮನೆ ಮಾಡಿದ ಮೇಲೂ ಅದೇ ತಟ್ಟೆ, ಅದೇ ಅರ್ಧ ದೀಪ. ಈ ವರ್ಷ ಅವಳು ಒಂದು ನಿರ್ಧಾರಕ್ಕೆ ಬಂದಳು. "ಅಮ್ಮನ ಕೈಲಿ ಚೆಲ್ಲದೇ ಇದ್ದಿದ್ದು ನನ್ನ ಕೈಲಿ ಚೆಲ್ಲುತ್ತೆ ಅಂದ್ರೆ ಈ ಮಲ್ಲಿಗೆ ನನ್ನ ಮೇಲೆ ಮನಸ್ಸಿಲ್ಲ. ಶಾರದನಿಗೆ ಕೊಟ್ಟುಬಿಡ್ತೀನಿ ರೀ." ನಾನು ಆಗಲೂ ಬಾಯಿ ಬಿಡಲಿಲ್ಲ.

ಶಾರದ ಗಿರಿಜಳ ತಂಗಿ, ವಿದ್ಯಾನಗರದಲ್ಲಿದ್ದಾಳೆ. ಭಾನುವಾರ ಅವಳ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ. ಮಲ್ಲಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋದೆವು. ಊಟವಾದ ಮೇಲೆ ಕೊಡುವುದೆಂದು ಮಾತು. ಎಲೆಯ ಮುಂದೆ ಕೂತಿದ್ದೆ. ಗಿರಿಜ ಅಡುಗೆಮನೆಯಿಂದ ಶಾವಿಗೆ ಪಾಯಸದ ಬೋಗುಣಿಯನ್ನು ಅಂಚಿನ ತನಕ ತುಂಬಿಸಿಕೊಂಡು ಹೊರಟಳು.

"ಭಾವ, ಎಲೆ ಕಾಯ್ಕೊಳ್ಳಿ, ಅಕ್ಕ ಬರ್ತಿದಾಳೆ" ಎಂದಳು ಶಾರದ, ನನ್ನದೇ ಹಾಸ್ಯವನ್ನು ನನಗೇ ಬಡಿಸುತ್ತ.

ನಾನು ತಲೆಯೆತ್ತಿ ನೋಡಿದೆ. ಏನು ಹೇಳಲಿ ನಿಮಗೆ! ಎರಡು ಕೈಯಲ್ಲಿ ಬೋಗುಣಿ, ಹೊಟ್ಟೆಯ ಮುಂದೆ. ಮುಂದಿನ ಭಾರಕ್ಕೆ ಬೆನ್ನು ತಾನಾಗಿಯೇ ಹಿಂದಕ್ಕೆ ಚೂರು ವಾಲಿದೆ, ಮಂಡಿ ಸಡಿಲವಾಗಿದೆ, ಪಾಯಸ ಮಾತ್ರ ಕನ್ನಡಿಯ ಹಾಗೆ ನಿಶ್ಚಲವಾಗಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ವಯಸ್ಸಾದ ನನ್ನ ಹೆಂಡತಿ ಕಂಚಿನಲ್ಲಿ ಎರಕ ಹೊಯ್ದ ಹಾಗೆ ನಡೆದು ಬರುತ್ತಿದ್ದಳು. ಆ ಎರಕದವನು, ಯಾವ ಕಾಲದವನೋ, ಹೀಗೆಯೇ ಯಾರನ್ನೋ ನೋಡಿರಬೇಕು. ಅವನು ಹಣತೆಯನ್ನು ಮಟ್ಟವಾಗಿಟ್ಟು, ಅದನ್ನು ಹೊತ್ತವಳ ಬೆನ್ನನ್ನು ಅದಕ್ಕೆ ತಕ್ಕಂತೆ ಬಾಗಿಸಿದ್ದ. ನಾನು ಬೆನ್ನಿಗೆ ಗುಂಡಿನ ದಾರ ಇಳಿಬಿಟ್ಟೆ, ಹಣತೆಯನ್ನು ನೋಡಲೇ ಇಲ್ಲ. ಚೆಲುವೆಂದು ನಾವು ಕರೆಯುವ ಆ ಬಾಗು, ಭಾರ ಹೊತ್ತವಳು ಭಾರವನ್ನು ಇನ್ನೊಬ್ಬರ ಮೇಲೆ ಚೆಲ್ಲದಿರಲು ಪಡುವ ಪಾಡು ಎಂದು ನನಗೆ ಹೊಳೆದದ್ದು ಎಪ್ಪತ್ತು ದಾಟಿದ ಮೇಲೆ, ಕೈಯಲ್ಲಿ ಕೋಸಂಬರಿ ಹಿಡಿದುಕೊಂಡು.

ಎದ್ದುಬಿಟ್ಟೆ.

"ಊಟದ ಮಧ್ಯೆ ಎಲ್ಲಿಗೆ ಭಾವ?"

"ಎಣ್ಣೆ ತಾ ಮಾರಾಯ್ತಿ, ಒಂದು ಲೋಟ ತಾ."

ಕೈ ತೊಳೆದು ಮಲ್ಲಿಯನ್ನು ಚೀಲದಿಂದ ತೆಗೆದು ನೆಲದ ಮೇಲಿಟ್ಟೆ. ಅಲ್ಲಿದ್ದ ಲಗ್ನಪತ್ರಿಕೆಯೊಂದನ್ನು ಮಡಿಸಿ ಪೀಠದ ಮುಂಭಾಗಕ್ಕೆ ಕೊಟ್ಟೆ. ಅವಳು ಮೆಲ್ಲಗೆ ಹಿಂದಕ್ಕೆ ಒರಗಿದಳು. ಎಣ್ಣೆ ಸುರಿದೆ, ಅಂಚಿನ ತನಕ. ಸುತ್ತ ನಿಂತವರೆಲ್ಲ ಬಗ್ಗಿ ನೋಡಿದರು. ಎಣ್ಣೆ ನಿಂತಲ್ಲೇ ನಿಂತಿತ್ತು. ಹುಡುಗನ ಹಾಗೆ ಚಪ್ಪಾಳೆ ತಟ್ಟುವುದೊಂದು ಬಾಕಿ.

"ಹಂಗಾದ್ರೆ ಪೀಠ ಸವೆದಿದೆ" ಎಂದಳು ಶಾರದ. "ಹಳೇದಲ್ವಾ, ಸವೆದಿರುತ್ತೆ."

ನೋಡಿ, ತಪ್ಪಿಸಿಕೊಳ್ಳುವ ದಾರಿಯನ್ನು ಅವಳೇ ತೆರೆದಿಟ್ಟಳು. 'ಹೌದು' ಎಂದಿದ್ದರೆ ದೀಪವೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ಗಿರಿಜ ಬೋಗುಣಿ ಇಟ್ಟು ಬಂದು ಎಣ್ಣೆಯನ್ನೇ ನೋಡುತ್ತಿದ್ದಳು.

"ಸವೆದಿದ್ದಲ್ಲ. ನಾನೇ ಅರ ಹಾಕಿದೆ" ಎಂದೆ. "ನೀನು ಬಾಣಂತನಕ್ಕೆ ಹೋದಾಗ. ನೆಟ್ಟಗೆ ನಿಲ್ಲಲಿ ಅಂತ."

ಮನೆ ತುಂಬ ಜನ. ಗಿರಿಜ ನನ್ನನ್ನು ಬೈಯಲಿಲ್ಲ. ಮಲ್ಲಿಯ ಮೊಂಡು ಮೂಗಿನ ಮೇಲೆ ಬೆರಳಿಟ್ಟು, "ಹಂಗಾದ್ರೆ ಇವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ" ಎಂದಳು. ಅಷ್ಟೇ. ಆ ಮಾತು ನನ್ನನ್ನು ಅರದ ಹಾಗೆ ಉಜ್ಜಿತು.

ಆಮೇಲೆ ತಂಗಿಯ ಕಡೆ ತಿರುಗಿ, "ಶಾರದ, ಇವಳನ್ನ ವಾಪಸ್ ಕರ್ಕೊಂಡು ಹೋಗ್ತೀನಿ" ಎಂದಳು.

"ಕರ್ಕೊಂಡು ಹೋಗಕ್ಕ. ಬೇಕಾದ್ರೆ ಭಾವನ್ನ ಇಲ್ಲೇ ಬಿಟ್ಟು ಹೋಗು."

ಎಲ್ಲರೂ ನಕ್ಕರು. ಈ ಸಲ ನಗಬೇಕಾದವನು ನಾನಾಗಿದ್ದೆ, ನಕ್ಕೆ. ಆಟೋದಲ್ಲಿ ಚೀಲ ಹಿಡಿದುಕೊಳ್ಳಲು ಕೈ ಚಾಚಿದರೆ ಗಿರಿಜ ಕೊಡಲಿಲ್ಲ. ಸವಳಂಗ ರಸ್ತೆಗೆ ತಿರುಗಿದ ಮೇಲೆ ಹೇಳಿದಳು: "ಎಷ್ಟು ಜನರ ಮುಂದೆ ನನ್ನ ಕೈನ ಆಡ್ಕೊಂಡಿದೀರ, ಅಷ್ಟು ಜನಕ್ಕೂ ಇದನ್ನ ಹೇಳಿ." ಅವರಲ್ಲಿ ಕೆಲವರು ಈಗಿಲ್ಲ, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಕೂತಿದ್ದೇನೆ.

ಅಂದು ಸಂಜೆಯೇ ಹಿತ್ತಾಳೆಯ ತಗಡಿನ ಚೂರನ್ನು ಕತ್ತರಿಸಿ ಪೀಠದ ಅಡಿಗೆ ಕೂರಿಸಲು ಹೋದೆ. ಎಷ್ಟು ದಪ್ಪ ಬೇಕೆಂದು ನಾನು ಅಳೆಯಲಿಲ್ಲ. ಗಿರಿಜ ನೋಡುತ್ತ, "ಇನ್ನೊಂಚೂರು, ಇನ್ನೊಂಚೂರು, ಸಾಕು" ಎಂದಳು. ಆಮೇಲೆ ತಟ್ಟೆಯನ್ನು ತೆಗೆದು ಬಚ್ಚಲಿಗೆ ಹಾಕಿ, ಎಣ್ಣೆಯ ಗಿಂಡಿ ಎತ್ತಿಕೊಂಡು ಹಣತೆಗೆ ಸುರಿದಳು: ಅರ್ಧಕ್ಕೆ ಬಂತು, ನಿಲ್ಲಿಸಲಿಲ್ಲ, ಮುಕ್ಕಾಲಿಗೆ ಬಂತು, ನಿಲ್ಲಿಸಲಿಲ್ಲ, ಅಂಚಿಗೆ ಬಂದು ಎಣ್ಣೆ ಉಬ್ಬಿ ನಿಂತಿತು. ನಾನು ಉಸಿರು ಬಿಗಿಹಿಡಿದಿದ್ದೆ. ಅವಳು ಹಿಡಿದಿರಲಿಲ್ಲ.