ಮಂಜಣ್ಣ ಕೊಂಡ ವಾಟರ್ ಫ್ಲಾಸರ್

ಗೆಳೆಯರೇ, ಎದುರುಮನೆಯ ನೇಕಾರ ಮಂಜಣ್ಣನಿಗೆ ವಸಡಿನಲ್ಲಿ ರಕ್ತ ಬರುತ್ತದೆ. ಹಲ್ಲಿನ ಸಂದಿಗೆ ನೀರು ಚಿಮ್ಮಿಸಿ ತೊಳೆಯುವ ವಾಟರ್ ಫ್ಲಾಸರ್ ಬಳಸಲು ಡಾಕ್ಟರು ಹೇಳಿದ್ದರು. ಇಂದು ಬೆಳಿಗ್ಗೆ ನಾವಿಬ್ಬರೂ ಹೋದ ದೊಡ್ಡಬಳ್ಳಾಪುರದ ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಒಂದು ಕೈಯಲ್ಲಿ ಹಿಡಿಯುವ ಚಾರ್ಜಿನದು, ಇನ್ನೊಂದು ವೈರು ಮತ್ತು ದೊಡ್ಡ ಟ್ಯಾಂಕಿನದು.

"ಚಾರ್ಜಿಂದು ತಗೋ ಮಂಜಣ್ಣ, ನಿಮ್ಮನೆ ಬೇಸಿನ್ ಹತ್ರ ಪ್ಲಗ್ ಇಲ್ಲ" ಎಂದೆ.

"ಅದು ಮಕ್ಕಳ ಪಿಚಕಾರಿ ಇದ್ದಂಗಿದೆ ಗುರು. ತಗೊಂಡ್ರೆ ಟ್ಯಾಂಕಿಂದೇ" ಎಂದ.

ಮನೆಯಲ್ಲಿ ಖಾಲಿ ಪ್ಲಗ್ ಸಿಕ್ಕಿದ್ದು ಮಗ್ಗದ ಪಕ್ಕದಲ್ಲಿ ಮಾತ್ರ. ಮಗ್ಗದ ಮೇಲೆ ನಾಳೆ ಕೊಡಬೇಕಾದ ಮದುವೆಯ ರೇಷ್ಮೆ ಸೀರೆಯಿತ್ತು.

"ರೀ, ಮೊದ್ಲು ಬಾಯಿಗಿಟ್ಕೊಳ್ಳಿ, ಆಮೇಲೆ ಸ್ವಿಚ್ ಹಾಕಿ" ಎಂದು ಅವನ ಹೆಂಡತಿ ನಾಗರತ್ನ ಹೇಳುವಷ್ಟರಲ್ಲಿ ಸ್ವಿಚ್ ಒತ್ತಿಯಾಗಿತ್ತು. ನೀರೆಲ್ಲ ಮಗ್ಗದಲ್ಲಿದ್ದ ಸೀರೆಯ ಸೆರಗಿನ ಮೇಲೆ ಚಿಮ್ಮಿತು.

"ಸೆರಗಲ್ಲಿ ಹಲ್ಲಿತ್ತಾ?" ಎಂದು ಆಕೆ ಕೇಳಿದರು.

ಒಣಗಿದ ಮೇಲೂ ನೀರಿನ ಕಲೆ ಹೋಗಲಿಲ್ಲ. ಸೆರಗನ್ನು ಮತ್ತೆ ನೇಯಬೇಕು.

ಸಂಜೆ ಚಾರ್ಜಿನದಕ್ಕೆ ಬದಲಿಸಿಕೊಳ್ಳಲು ಹೋದೆವು. ಬಳಸಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು ಅಂಗಡಿಯವರು.

"ಇದನ್ನ ಬಾಯಿಗೇ ಇಟ್ಟಿಲ್ಲ ಸ್ವಾಮಿ" ಎಂದ ಮಂಜಣ್ಣ.

ಬೆಳಿಗ್ಗೆಯಿಂದ ಅವನು ಆಡಿದ ಸರಿಯಾದ ಮಾತು ಅದೊಂದೇ.